ಹೊಸದು ಅಂತ ಬಿಲ್ ಹಾಕಿದ ಡಿಸ್ಕ್ 14,212 ಗಂಟೆ ಓಡಿದೆ

ಇಂದ:
ಡಿಟಿಪಿ ಅಂಗಡಿಯ ಮಾಲೀಕ,
ಕೋರ್ಟ್ ಹತ್ತಿರ, ದಾವಣಗೆರೆ

ಗೆ:
ವ್ಯವಸ್ಥಾಪಕರು,
ಕಂಪ್ಯೂಟರ್ ಮಾರಾಟ ಮತ್ತು ಸರ್ವಿಸ್ ಕೇಂದ್ರ, ದಾವಣಗೆರೆ

ವಿಷಯ: ಬಳಸಿದ ಹಾರ್ಡ್ ಡಿಸ್ಕ್ ಮತ್ತು ನಕಲಿ ವಿಂಡೋಸ್ ಹಾಕಿಕೊಟ್ಟಿರುವುದು, ನನ್ನ ಹಳೇ ಡಿಸ್ಕ್ ವಾಪಸ್ ಕೊಡದಿರುವುದು

ಮಾನ್ಯರೇ,

ಹೋದ ತಿಂಗಳು ನನ್ನ ಅಂಗಡಿಯ ಕಂಪ್ಯೂಟರನ್ನು ನಿಮ್ಮಲ್ಲಿಗೆ ತಂದಿದ್ದೆ. ಆನ್ ಮಾಡಿದರೆ ಡಿಸ್ಕ್ ಟಕ್ ಟಕ್ ಅನ್ನುತ್ತಿತ್ತು. ಒಂದು ಫೈಲ್ ತೆರೆಯುವಷ್ಟರಲ್ಲಿ ಟೀ ಕುಡಿದು ಬರಬಹುದಿತ್ತು. ಡಿಸ್ಕ್ ಹೋಗಿದೆ, ಹೊಸದು ಹಾಕಿ ವಿಂಡೋಸ್ ಮತ್ತೆ ಹಾಕಬೇಕು ಅಂದಿರಿ, ಒಪ್ಪಿದೆ. ಡಿಸ್ಕಿಗೆ 3,900, ಒರಿಜಿನಲ್ ವಿಂಡೋಸಿಗೆ 1,500, ಸರ್ವಿಸ್ ಚಾರ್ಜ್ 600, ಒಟ್ಟು 6,000 ರೂಪಾಯಿ ಕೊಟ್ಟೆ. ಬಿಲ್ಲಿನಲ್ಲಿ ‘1 ಟಿಬಿ ಹಾರ್ಡ್ ಡಿಸ್ಕ್, ಹೊಸದು’ ಎಂದು ನಿಮ್ಮವರೇ ಬರೆದಿದ್ದಾರೆ. ಪ್ರತಿ ಇದರ ಜೊತೆಗಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಫೈಲ್ ಕಾಪಿ ಮಾಡಿಕೊಟ್ಟ ನಿಮ್ಮ ಹುಡುಗನ ಮೇಲೆ ನನ್ನ ದೂರಿಲ್ಲ. ಸಾಯುತ್ತಿದ್ದ ಡಿಸ್ಕಿನ ಮೇಲೆ ಬೇರೇನೂ ಪ್ರಯೋಗ ಮಾಡದೆ ಮೊದಲು ಕಾಪಿ ತೆಗೆದ. ಎಲ್ಲೋ ನಾಲ್ಕೈದು ಫೈಲ್ ಬಿಟ್ಟು ಎಲ್ಲಾ ಬಂದವು. ಕನ್ನಡ ಟೈಪಿಂಗಿನ ನುಡಿ ತಂತ್ರಾಂಶ ಹಾಕಿರಲಿಲ್ಲ, ಹಾಗಾಗಿ ಹಳೇ ಫೈಲುಗಳೆಲ್ಲ ಇಂಗ್ಲಿಷ್ ಅಕ್ಷರ, ಚುಕ್ಕೆ, ಕೊಂಬುಗಳ ಹಾಗೆ ಕಂಡವು. ಒಂದು ಕ್ಷಣ ಎದೆ ಧಸಕ್ಕೆಂದಿತು. ಆಮೇಲೆ ನಾನೇ ನುಡಿ ಹಾಕಿಕೊಂಡೆ, ಅಕ್ಷರ ಸರಿಹೋಯಿತು. ಅದನ್ನು ದೂರಿಗೆ ಸೇರಿಸುವುದಿಲ್ಲ.

ನನ್ನ ಸಿಟ್ಟು ಡಿಸ್ಕಿನ ಮೇಲೆ. ಹತ್ತು ದಿನ ಆಗಿರಲಿಲ್ಲ, ಕಂಪ್ಯೂಟರ್ ಮತ್ತೆ ತಡವರಿಸತೊಡಗಿತು. ಅಂಗಡಿಗೆ ಪ್ರಾಜೆಕ್ಟ್ ಟೈಪ್ ಮಾಡಿಸಲು ಬಂದಿದ್ದ ಡಿಪ್ಲೊಮಾ ಹುಡುಗಿಯೊಬ್ಬಳು ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಪುಕ್ಕಟೆ ತಂತ್ರಾಂಶ ಹಾಕಿ ತೋರಿಸಿದಳು. ಪ್ರತಿ ಡಿಸ್ಕೂ ತನ್ನ ಲೆಕ್ಕ ತಾನೇ ಬರೆದಿಟ್ಟುಕೊಳ್ಳುತ್ತದಂತೆ. ಎಷ್ಟು ಗಂಟೆ ಓಡಿದೆ, ಎಷ್ಟು ಸಲ ಆನ್ ಆಗಿದೆ, ಎಷ್ಟು ಜಾಗ ಕೆಟ್ಟು ಬದಲಿ ಜಾಗ ಬಳಸಿದೆ, ಎಲ್ಲಾ. ಫಾರ್ಮ್ಯಾಟ್ ಮಾಡಿದರೂ ಅದು ಅಳಿಸುವುದಿಲ್ಲ. ಇದು ನಿಮಗೆ ಗೊತ್ತಿರದ ವಿಷಯವೇನಲ್ಲ, ಅಲ್ವಾ?

ನೀವು ಕೊಟ್ಟ ‘ಹೊಸ’ ಡಿಸ್ಕ್ ಓಡಿರುವುದು 14,212 ಗಂಟೆ. ವರ್ಷಕ್ಕೆ ಇರುವುದೇ 8,760 ಗಂಟೆ. ನನ್ನ ಅಂಗಡಿ ದಿನಕ್ಕೆ ಹತ್ತು ಗಂಟೆ ತೆರೆದಿರುತ್ತದೆ. ರಜೆಯೇ ಇಲ್ಲದೆ ಓಡಿಸಿದರೂ ಇಷ್ಟು ಗಂಟೆ ಆಗಲು ಸುಮಾರು ನಾಲ್ಕು ವರ್ಷ ಬೇಕು. ಇನ್ನೂ ತಮಾಷೆ ಎಂದರೆ, ಅದು ಆನ್ ಆಗಿರುವುದು ಬರೀ 31 ಸಲ. ಭಾಗಿಸಿ ನೋಡಿ, ಒಂದು ಸಲ ಆನ್ ಮಾಡಿದರೆ ಹತ್ತೊಂಬತ್ತು ದಿನ ಬಿಡದೆ ಓಡಿದ ಲೆಕ್ಕ. ಮನೆಯಲ್ಲೋ ಅಂಗಡಿಯಲ್ಲೋ ಕಂಪ್ಯೂಟರನ್ನು ಹಾಗೆ ಯಾರು ಓಡಿಸುತ್ತಾರೆ? ಯಾವುದೋ ಸಿಸಿಟಿವಿ ರೆಕಾರ್ಡರಿನಿಂದ ಬಿಚ್ಚಿದ ಡಿಸ್ಕ್ ಇದು ಅಂತ ನನ್ನ ಅನುಮಾನ. ಕೆಟ್ಟ ಜಾಗಗಳ ಲೆಕ್ಕವೂ ಆಗಲೇ ಶುರುವಾಗಿದೆ. ಪರದೆಯ ಮೇಲೆ ಹಳದಿ ಬಣ್ಣದಲ್ಲಿ ಎಚ್ಚರಿಕೆ ತೋರಿಸುತ್ತಿದೆ. ಸೀರಿಯಲ್ ನಂಬರನ್ನು ತಯಾರಕರ ವೆಬ್‌ಸೈಟಿನಲ್ಲಿ ಹಾಕಿದರೆ ವಾರಂಟಿ ಮುಗಿದಿದೆ ಎಂದು ಬಂತು. ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ.

ವಿಂಡೋಸ್ ಕಥೆಯೂ ಹೀಗೇ. ನನ್ನದು ಅಸೆಂಬಲ್ ಮಾಡಿದ್ದಲ್ಲ, 2019ರಲ್ಲಿ ವಿಂಡೋಸ್ ಹೋಮ್ ಜೊತೆಗೇ ಕೊಂಡ ಕಂಪನಿ ಸೆಟ್. ಅದರ ಲೈಸೆನ್ಸ್ ಕೀ ಮದರ್‌ಬೋರ್ಡಿನಲ್ಲೇ ಇರುತ್ತದೆ. ಡಿಸ್ಕ್ ಬದಲಿಸಿ ಅದೇ ಹೋಮ್ ಹಾಕಿದ್ದರೆ ನಯಾಪೈಸೆ ಖರ್ಚಿಲ್ಲದೆ ಆಕ್ಟಿವೇಟ್ ಆಗುತ್ತಿತ್ತು. ನೀವು ವಿಂಡೋಸ್ ಪ್ರೊ ಎಂಬ ಬೇರೆ ಆವೃತ್ತಿ ಹಾಕಿದಿರಿ. ಅದರ ಆಕ್ಟಿವೇಶನ್ ಗಡುವು ನೋಡಿದರೆ 180 ದಿನ! ಅದು ದೊಡ್ಡ ಆಫೀಸುಗಳು ತಮ್ಮದೇ ಸರ್ವರ್ ಇಟ್ಟುಕೊಂಡು ಮಾಡಿಸುವ ಕೆಎಂಎಸ್ ಆಕ್ಟಿವೇಶನ್. ನನ್ನಲ್ಲಿರುವುದು ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಮಶೀನ್. ಕದ್ದ ಮಾಲಿಗೆ ಒರಿಜಿನಲ್ ಅಂತ 1,500 ರೂಪಾಯಿ ತೆಗೆದುಕೊಂಡಿದ್ದೀರಿ.

ಇವೆರಡನ್ನೂ ದುಡ್ಡಿನ ನಷ್ಟ ಅಂದುಕೊಳ್ಳಬಹುದು. ನನಗೆ ನಿದ್ದೆ ಬಾರದಂತೆ ಮಾಡಿರುವುದು ನನ್ನ ಹಳೇ ಡಿಸ್ಕ್. ವಾಪಸ್ ಕೇಳಿದರೆ ‘ಗುಜರಿಗೆ ಹಾಕಿದ್ವಿ ಸಾರ್’ ಅಂದರು ಕೌಂಟರಿನಲ್ಲಿದ್ದವರು. ಕೋರ್ಟ್ ಹತ್ತಿರದ ಅಂಗಡಿ ನನ್ನದು. ಜನರ ಕ್ರಯಪತ್ರದ ಕರಡು, ವಿಭಾಗಪತ್ರ, ಆಧಾರ್ ಪ್ರತಿ, ಡೈವೋರ್ಸ್ ಅರ್ಜಿ ಎಲ್ಲಾ ಅದರಲ್ಲಿವೆ. ಕೆಟ್ಟ ಡಿಸ್ಕ್ ಎಂದರೆ ಓದಲು ಬಾರದ ಡಿಸ್ಕ್ ಅಲ್ಲ. ನಿಮ್ಮ ಹುಡುಗನೇ ಓದಿದನಲ್ಲ! ಯಾರದೋ ಡಿಸ್ಕ್ ಹೊಸದಾಗಿ ನನ್ನ ಕಂಪ್ಯೂಟರಿಗೆ ಬಂದ ಹಾಗೆ, ನನ್ನದು ಈಗ ಯಾರ ಕಂಪ್ಯೂಟರಿನಲ್ಲಿ ‘ಹೊಸದಾಗಿ’ ಕೂತಿದೆ?

ಎರಡು ಸಲ ಬಂದೆ, ಮೂರು ಸಲ ಫೋನ್ ಮಾಡಿದೆ. ‘ನೋಡ್ತೀವಿ’ ಬಿಟ್ಟು ಬೇರೆ ಉತ್ತರ ಸಿಗಲಿಲ್ಲ. ಅದಕ್ಕೇ ಈಗ ಬರೆದು ಕೊಡುತ್ತಿದ್ದೇನೆ. ಸೀಲ್ ಒಡೆಯದ ಹೊಸ ಡಿಸ್ಕನ್ನು ನನ್ನ ಕಣ್ಣೆದುರು ಹಾಕಿ, ಸೀರಿಯಲ್ ನಂಬರ್ ನಮೂದಿಸಿ ಬಿಲ್ ಕೊಡಿ. ನನ್ನ ಲೈಸೆನ್ಸಿನ ಹೋಮ್ ಹಾಕಿ, 1,500 ರೂಪಾಯಿ ಹಿಂತಿರುಗಿಸಿ. ಹಳೇ ಡಿಸ್ಕ್ ಎಲ್ಲಿದೆಯೋ ಅಲ್ಲಿಂದ ತಂದುಕೊಡಿ. ಅದಕ್ಕೆ ಬದಲಾಗಿ ಬೇರೇನು ಕೊಟ್ಟರೂ ಬೇಡ.

ಹದಿನೈದು ದಿನ ಕಾಯುತ್ತೇನೆ. ಆಮೇಲೆ 1915 ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಇಷ್ಟು ಸಣ್ಣ ಮೊತ್ತದ ದೂರಿಗೆ ಅಲ್ಲಿ ಶುಲ್ಕವೂ ಇಲ್ಲ. ಅರ್ಜಿ ಟೈಪ್ ಮಾಡುವುದಂತೂ ನನ್ನ ದಿನದ ಕೆಲಸ.

ನೀವು ಹಾಕಿಕೊಟ್ಟ ಡಿಸ್ಕಿನ ಮೇಲೆ ಈಗ ಯಾವ ಗಿರಾಕಿಯ ಕೆಲಸವನ್ನೂ ಇಡುತ್ತಿಲ್ಲ. ನಿಮ್ಮವರು ಬರುವಾಗ ಫೋನ್ ಮಾಡಿ ಬರಲಿ. ಮಧ್ಯಾಹ್ನ ಎರಡರಿಂದ ಮೂರು ಊಟಕ್ಕೆ ಹೋಗಿರುತ್ತೇನೆ.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ಬಿಲ್ಲಿನ ಪ್ರತಿ, ಡಿಸ್ಕ್ ಮಾಹಿತಿ ಮತ್ತು ಆಕ್ಟಿವೇಶನ್ ಗಡುವಿನ ಸ್ಕ್ರೀನ್‌ಶಾಟ್