ಕಾಡಿಗೆ ಹೊರಟ ಚೀಲದಲ್ಲಿ ಕೋವಿ ಏಕೆ?

ಮಾನ್ಯ ಸಂಪಾದಕರೇ,

ಬೆಂಗಳೂರಿನಿಂದ ಬಂದಿದ್ದ ನನ್ನ ಅಕ್ಕನ ಮೊಮ್ಮಗ ಮೊನ್ನೆ ಮೊಬೈಲಿನಲ್ಲಿ ಒಂದು ಪುಟ್ಟ ಕೋವಿ ತೋರಿಸಿದ. ‘ಅಜ್ಜ, ಕೊಡಚಾದ್ರಿಗೆ ಹೋಗುವಾಗ ಚೀಲದಲ್ಲಿ ಇಂಥದ್ದೊಂದಿದ್ದರೆ ದಾರಿ ತಪ್ಪಿದರೂ ಭಯವಿಲ್ಲ. ನಿಮ್ಮ ಪರವಾನಗಿಯಲ್ಲಿ ಕೊಳ್ಳಬಹುದೇ?’ ಎಂದು ಕೇಳಿದ. ನಮ್ಮ ಅಂಗಳದಲ್ಲಿ ನೀರು ಕುಡಿಯಲು ನಿಲ್ಲುವ ಚಾರಣದ ಹುಡುಗರ ಬಾಯಲ್ಲೂ ಈ ಮಾತು ಕೇಳಿದ್ದೇನೆ. ಅದಕ್ಕೇ ಈ ಪತ್ರ.

ಅವನು ತೋರಿಸಿದ್ದು ಅಮೆರಿಕದ ಎಆರ್-7. ನಳಿಗೆಯನ್ನೂ ಉಳಿದ ಭಾಗಗಳನ್ನೂ ಕಳಚಿ ಹಿಂಬದಿಯ ಹಿಡಿಯೊಳಗೇ ತುಂಬಬಹುದು, ನೀರಿಗೆ ಬಿದ್ದರೆ ತೇಲುತ್ತದೆ. ಮಾಡಿದವರ ಜಾಣ್ಮೆ ದೊಡ್ಡದು. ಆದರೆ ಅದು ಹಾರಿಸುವುದು .22ರ ಸಣ್ಣ ಗುಂಡು. ಜನವಿಲ್ಲದ ನಾಡಿನಲ್ಲಿ ಸಿಕ್ಕಿಬಿದ್ದವನು ಮೊಲವನ್ನೋ ಅಳಿಲನ್ನೋ ಹೊಡೆದು ತಿಂದು ದಿನ ನೂಕಲಿ ಎಂಬ ಲೆಕ್ಕ ಅದು. ನಮ್ಮಲ್ಲಿ ಮೊಲ, ಕೆಂಜಳಿಲು ಹೊಡೆದರೆ ಜೈಲು. ಎದುರಿಗೆ ಬರುವ ಕಾಟಿಗೆ, ಅಂದರೆ ಕಾಡುಕೋಣಕ್ಕೆ, ಆ ಗುಂಡು ತಗುಲಿದರೆ ಅದು ಬೀಳುವುದಿಲ್ಲ, ನಮ್ಮ ಮೇಲೇ ತಿರುಗಿಬೀಳುತ್ತದೆ.

ನನ್ನಲ್ಲಿರುವುದು ಅಪ್ಪನ ಕಾಲದ, ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ, ಬೆಳೆ ರಕ್ಷಣೆಗೆಂದು ಪಡೆದದ್ದು. ಅದನ್ನು ಇನ್ನೊಬ್ಬರ ಚೀಲಕ್ಕೆ ಹಾಕಿ ಕಳಿಸುವಂತಿಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆ ಆತ್ಮರಕ್ಷಣೆಯ ತೋಟಾ (ಕಾಡತೂಸು) ಕೋವಿಗೂ ಕನಿಷ್ಠ 20 ಅಂಗುಲದ ನಳಿಗೆ ಎನ್ನುತ್ತದೆ. ಪರವಾನಗಿಯಿಲ್ಲದೆ ನಳಿಗೆ ಕೊಯ್ದು ಗಿಡ್ಡ ಮಾಡುವುದು ಅಪರಾಧ. ಕೊಡಚಾದ್ರಿ ಇರುವುದು ಮೂಕಾಂಬಿಕಾ ಅಭಯಾರಣ್ಯದಲ್ಲಿ. ಲಿಖಿತ ಅನುಮತಿಯಿಲ್ಲದೆ ಆಯುಧ ಹಿಡಿದು ಅಲ್ಲಿಗೆ ಕಾಲಿಡುವುದನ್ನು 1972ರ ವನ್ಯಜೀವಿ ಕಾಯಿದೆ ನಿಷೇಧಿಸುತ್ತದೆ. ಜೀವ ಉಳಿಸಿಕೊಳ್ಳಲು ಪ್ರಾಣಿಯನ್ನು ಕೊಂದರೆ ತಪ್ಪಲ್ಲ ಎಂಬ ಮಾತೂ ಅದರಲ್ಲಿದೆ ನಿಜ. ಆದರೆ ಆ ಗಳಿಗೆಯಲ್ಲಿ ಅದೇ ಕಾಯಿದೆಯನ್ನು ಮುರಿಯುತ್ತಿದ್ದವನಿಗೆ ಆ ರಕ್ಷಣೆ ಸಿಗದು. ಇದನ್ನು ಆ ಹುಡುಗರಿಗೆ ಯಾರೂ ಹೇಳಿಲ್ಲ.

ಮೂವತ್ತು ವರ್ಷಗಳ ಹಿಂದೆ, ಆಷಾಢದ ಮಳೆಯಲ್ಲಿ, ಮನೆಗೆ ಬಾರದ ಎಮ್ಮೆಯನ್ನು ಹುಡುಕುತ್ತ ನಮ್ಮೂರಿನ ಕಾನಿನಲ್ಲಿ ನಾನೇ ದಾರಿ ತಪ್ಪಿದ್ದೆ. ಹೆಗಲಲ್ಲಿ ಕೋವಿಯಿತ್ತು. ಮದ್ದು ನೆನೆದು ಅದು ಬರಿಯ ಕೋಲಾಗಿತ್ತು. ಕತ್ತಲಾದ ಮೇಲೆ ಅಲೆಯದೆ ಕಂಬಳಿಕೊಪ್ಪೆ ಹೊದ್ದು ಮರದ ಬುಡದಲ್ಲಿ ಕುಳಿತದ್ದರಿಂದ ಬದುಕಿದೆ. ಬೆಳಗಾದ ಮೇಲೆ ಹಳ್ಳದ ಜಾಡು ಹಿಡಿದು ಇಳಿದಾಗ ಯಾರದೋ ಅಡಿಕೆ ತೋಟ ಸಿಕ್ಕಿತು. (ಘಟ್ಟದ ಅಂಚಿನ ಕಡೆ ಹರಿಯುವ ಹಳ್ಳವನ್ನು ಮಾತ್ರ ಹೀಗೆ ನಂಬಬಾರದು, ಅದು ಎಲ್ಲಿ ಧುಮುಕುತ್ತದೆಂದು ತಿಳಿಯುವಷ್ಟರಲ್ಲಿ ಕಾಲು ಜಾರಿರುತ್ತದೆ.)

ಆನೆ, ಕರಡಿಗಳ ಭಯ ಹೇಳುವವರು ಉಣುಗಿನ ಹೆಸರೆತ್ತುವುದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ, ಉಣುಗಿನ ಕಡಿತದಿಂದ ಹರಡುವ ಮಂಗನ ಕಾಯಿಲೆ ಇಂದಿಗೂ ಬೇಸಿಗೆ ಬಂತೆಂದರೆ ಕಾಡಂಚಿನ ಮನೆಗಳ ನಿದ್ದೆ ಕೆಡಿಸುತ್ತದೆ. ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳಲು ನಮಗೆ ಡೆಪಾ ತೈಲ ಕೊಡುತ್ತಾರೆ. ಹೊರಗಿನಿಂದ ಬರುವ ಹುಡುಗರು ಅರ್ಧ ಚಡ್ಡಿಯಲ್ಲಿ ತರಗೆಲೆಯ ಮೇಲೆ ಮಲಗಿರುತ್ತಾರೆ. ನೋಡಿದರೆ ಎದೆ ಝಲ್ಲೆನ್ನುತ್ತದೆ.

ಚಾರಣಕ್ಕೆ ಟಿಕೆಟ್ ಕೊಡುವಲ್ಲೇ ಅರಣ್ಯ ಇಲಾಖೆ ಈ ಸಂಗತಿಗಳನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ನಿಲ್ಲಿಸಲಿ, ಮಂಗನ ಕಾಯಿಲೆಯ ಕಾಲದಲ್ಲಿ ಒಂದೊಂದು ಸೀಸೆ ತೈಲವನ್ನೂ ಕೊಡಲಿ. ನಮ್ಮ ಹುಡುಗನ ಚೀಲಕ್ಕೆ ನಾನು ಹಾಕಿ ಕಳಿಸಿದ್ದು ಒಂದು ಸೀಟಿ, ಟಾರ್ಚು, ಪ್ಲಾಸ್ಟಿಕ್ ಹಾಳೆ ಮತ್ತು ಆ ತೈಲ.

– ಒಬ್ಬ ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು