ಕ್ಯಾಸೆಟ್‌ಗಳು ಕಪಾಟಿನಲ್ಲೇ ಹಾಳಾಗುತ್ತಿವೆ

ಸಂಪಾದಕರೇ,

ಕಾಸರಗೋಡಿನ ನಮ್ಮೂರ ಗ್ರಂಥಾಲಯದಲ್ಲಿ ಯಕ್ಷಗಾನ, ತಾಳಮದ್ದಳೆಗಳ ಹಳೇ ವಿಎಚ್‌ಎಸ್ ವಿಡಿಯೋ ಕ್ಯಾಸೆಟ್‌ಗಳಿವೆ. ಮೊನ್ನೆ ಒಂದರ ಮುಚ್ಚಳ ಎತ್ತಿ ನೋಡಿದೆ, ಟೇಪಿನ ಸುರುಳಿಯ ಅಂಚಿಗೆ ಅಕ್ಕಿಹಿಟ್ಟು ಚಿಮುಕಿಸಿದ ಹಾಗೆ ಬಿಳಿ ಬೂಷ್ಟು. ಆಟಿ ತಿಂಗಳ ಮಳೆಗೆ ಹಪ್ಪಳವೇ ಉಳಿಯೋದಿಲ್ಲ, ಇನ್ನು ಟೇಪು ಉಳಿಯುತ್ತದಾ?

ಹಾಕಿ ನೋಡೋಣವೆಂದರೆ ಕ್ಯಾಸೆಟ್ ಓಡಿಸುವ ಮೆಷಿನ್ನು, ವಿಸಿಆರ್ ಇಲ್ಲ. ಕೊನೆಯವರೆಗೂ ಅದನ್ನು ಮಾಡುತ್ತಿದ್ದ ಜಪಾನಿನ ಫುನಾಯಿ ಕಂಪೆನಿಯೂ 2016ರಲ್ಲಿ ನಿಲ್ಲಿಸಿಬಿಟ್ಟಿತು. ಮೂರು ಗಂಟೆಯ ಕ್ಯಾಸೆಟ್ ಕಾಪಿ ಮಾಡಲು ಮೂರು ಗಂಟೆಯೇ ಬೇಕು, ಪೆನ್‌ಡ್ರೈವ್‌ನಿಂದ ತೆಗೆದ ಹಾಗೆ ಅಲ್ಲ. ಬೂಷ್ಟು ಹಿಡಿದದ್ದನ್ನು ಮಾತ್ರ ಸುಮ್ನೆ ಮೆಷಿನ್ನಿಗೆ ತುರುಕಬೇಡಿ, ಟೇಪು ಓದುವ ಹೆಡ್ ಕೊಳೆಯಾಗುತ್ತದೆ, ಟೇಪು ಹರಿಯಬಹುದು, ಆಮೇಲೆ ಹಾಕಿದ ಒಳ್ಳೆಯ ಕ್ಯಾಸೆಟ್ಟಿಗೂ ಅದು ಹಬ್ಬುತ್ತದೆ.

ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆ ನಮ್ಮದು. ತೀರಿಹೋದ ಭಾಗವತರ ದನಿ, ಆಗಿನ ಗಡಿನಾಡಿನ ಮಾತು, ವೇಷ ಕಟ್ಟುವ ಚೌಕಿಯ ಗದ್ದಲ ಎಲ್ಲಾ ಅದರೊಳಗಿದೆ. ಪುಸ್ತಕ ಹರಿದರೆ ಇನ್ನೊಂದು ಪ್ರತಿ ಎಲ್ಲಾದರೂ ಸಿಕ್ಕೀತು, ಊರಲ್ಲೇ ಯಾರೋ ಒಬ್ಬರು ತೆಗೆದ ವಿಡಿಯೋಗೆ ಇನ್ನೊಂದು ಪ್ರತಿ ಎಲ್ಲಿಂದ ತರೋದು? ಅಟ್ಟದಲ್ಲಿ ಓಡುವ ವಿಸಿಆರ್ ಇದ್ದವರು ದಯವಿಟ್ಟು ಗುಜರಿಗೆ ಹಾಕಬೇಡಿ, ಹತ್ತಿರದ ಗ್ರಂಥಾಲಯಕ್ಕೆ ಕೊಡಿ. ಪಂಚಾಯತಿನವರು ಮುಂದಿನ ಮಳೆಗಾಲದೊಳಗೆ ಇವನ್ನೆಲ್ಲ ಡಿಜಿಟಲ್ ಮಾಡಿಸಲು ಸ್ವಲ್ಪ ಹಣ ಇಡಲಿ.

– ಒಬ್ಬ ಓದುಗ, ಕುಂಬಳೆ