ಬೆಳಗಿನ ತಿಂಡಿ ಮತ್ತು ಸಂಜೆಯ ಆಟದ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಪ್ರಾರ್ಥನೆಯ ವೇಳೆ ತಲೆಸುತ್ತು ಬಂದು ಕುಳಿತುಬಿಡುವ ಮಕ್ಕಳನ್ನು ವಿಚಾರಿಸಿದಾಗ, ಅವರಲ್ಲಿ ಹೆಚ್ಚಿನವರು ಮನೆಯಲ್ಲಿ ತಿಂಡಿ ತಿನ್ನದೆ ಹತ್ತು ರೂಪಾಯಿ ಹಿಡಿದು ಬಂದವರೆಂದು ತಿಳಿಯುತ್ತದೆ. ಆ ಹತ್ತು ರೂಪಾಯಿ ಮೊದಲ ವಿರಾಮದಲ್ಲಿಯೇ ಕುರುಕಲು ಪೊಟ್ಟಣಕ್ಕೋ ತಂಪು ಪಾನೀಯಕ್ಕೋ ಖರ್ಚಾಗುತ್ತದೆ. ಮಧ್ಯಾಹ್ನ ಬಿಸಿಯೂಟದ ತಟ್ಟೆಯಲ್ಲಿ ಸಾಂಬಾರಿನ ತರಕಾರಿ ಹಾಗೆಯೇ ಉಳಿಯುತ್ತದೆ.

ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ವಯಸ್ಸಾದವರ ಕಾಯಿಲೆಗಳೆಂದು ನಾವು ನಂಬಿಕೊಂಡಿದ್ದೇವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಮಂದಿಗೆ ಮಧುಮೇಹವಿದೆ. ಈ ಕಾಯಿಲೆ ಕಾಣಿಸಿಕೊಳ್ಳುವುದು ತಡವಾಗಿಯಾದರೂ ಅದಕ್ಕೆ ದಾರಿ ಮಾಡಿಕೊಡುವ ಅಭ್ಯಾಸಗಳು ಬೇರೂರುವುದು ನಮ್ಮ ಮಕ್ಕಳ ವಯಸ್ಸಿನಲ್ಲಿಯೇ. 250 ಮಿಲಿಲೀಟರಿನ ಒಂದು ಬಾಟಲಿ ತಂಪು ಪಾನೀಯದಲ್ಲಿ ಸುಮಾರು ಆರು ಟೀ ಚಮಚ ಸಕ್ಕರೆ ಇರುತ್ತದೆ. ಕಾಫಿಗೆ ಅಷ್ಟು ಸಕ್ಕರೆ ಹಾಕಲು ನಮ್ಮಲ್ಲಿ ಯಾರೂ ಒಪ್ಪುವುದಿಲ್ಲ.

ಇದಕ್ಕೆ ದುಬಾರಿ ಪರಿಹಾರ ಬೇಕಿಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ರಾಗಿ ರೊಟ್ಟಿ, ತರಕಾರಿ ಹಾಕಿದ ಉಪ್ಪಿಟ್ಟು, ನೆನೆಸಿದ ಹೆಸರುಕಾಳು, ಒಂದು ಹಿಡಿ ಕಡಲೆಕಾಯಿ ಬೀಜ, ಇವುಗಳಲ್ಲಿ ಯಾವುದಾದರೂ ಒಂದನ್ನು ತಿನ್ನಿಸಿ ಕಳುಹಿಸಿದರೂ ಸಾಕು. ಜಾಹೀರಾತು ನೋಡಿ ಕೊಳ್ಳುವ ಪುಡಿ ಡಬ್ಬಿಗಳ ಮೇಲೆ ಸಕ್ಕರೆಯ ಪ್ರಮಾಣ ಎಷ್ಟೆಂದು ಒಮ್ಮೆ ಓದಿ ನೋಡಿ. ದಪ್ಪಗಿರುವ ಮಗುವನ್ನು ಹಂಗಿಸುವುದಾಗಲಿ, ಊಟ ಬಿಡಿಸುವುದಾಗಲಿ ದಯವಿಟ್ಟು ಬೇಡ.

ಆಟದ ವಿಷಯದಲ್ಲಿ ತಪ್ಪು ನಮ್ಮದೂ ಇದೆ. ವಿಶ್ವ ಆರೋಗ್ಯ ಸಂಸ್ಥೆ ಈ ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷದ ದೈಹಿಕ ಚಟುವಟಿಕೆ ಬೇಕೆಂದು ಹೇಳುತ್ತಿರುವಾಗ, ಪಾಠ ಮುಗಿಸುವ ಅವಸರದಲ್ಲಿ ಹತ್ತನೇ ತರಗತಿಯ ಆಟದ ಅವಧಿಯನ್ನು ನಾವೇ ಗಣಿತಕ್ಕೆ ಬಿಟ್ಟುಕೊಟ್ಟಿದ್ದೆವು. ಸೋಮವಾರದಿಂದ ಆ ಅವಧಿಯಲ್ಲಿ ಬೇರೆ ಪಾಠ ನಡೆಯುವುದಿಲ್ಲ. ತಾವೂ ಟ್ಯೂಷನ್ನಿಗೆ ಮೊದಲು ಅರ್ಧ ಗಂಟೆಯಾದರೂ ಮಕ್ಕಳನ್ನು ಆಡಲು ಬಿಡಬೇಕೆಂದು ಕೋರುತ್ತೇನೆ. ಮೈನೆರೆದಳೆಂಬ ಕಾರಣಕ್ಕೆ ಖೋಖೋ ತಂಡದಿಂದ ಬಿಡಿಸಿಕೊಂಡ ಹೆಣ್ಣುಮಕ್ಕಳ ತಂದೆತಾಯಿಯರು ನಮ್ಮ ದೈಹಿಕ ಶಿಕ್ಷಕರೊಡನೆ ಒಮ್ಮೆ ಮಾತನಾಡಬೇಕೆಂಬುದು ನನ್ನ ವಿಶೇಷ ವಿನಂತಿ.

ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಅತಿಯಾಗಿರುವ ತಿನಿಸುಗಳ ಮಾರಾಟವನ್ನು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ನಿಷೇಧಿಸಿದೆ. ಈ ಕುರಿತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ಅಕ್ಕಪಕ್ಕದ ಅಂಗಡಿಯವರೊಡನೆ ಮಾತನಾಡಲಿದ್ದಾರೆ; ಅವರೊಡನೆ ಬರಲು ಸಿದ್ಧರಿರುವ ಪೋಷಕರು ಶುಕ್ರವಾರದೊಳಗೆ ಕಚೇರಿಯಲ್ಲಿ ಹೆಸರು ಕೊಡಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು